ಹದಿಮೂರು ಫೋಟೋಗಳ ಸುಸ್ವಾಗತ

ಸಿಂಧನೂರಿನ ಒಂದು ಓಣಿಯಲ್ಲಿ, ಬಾಡಿಗೆ ಮನೆಯೊಂದರ ಬಾಗಿಲ ಮೇಲೆ, "ಲಾಲಪ್ಪ ಮಸ್ಕಿ, ಕಂಪ್ಯೂಟರ್ ತಜ್ಞರು" ಎಂಬ ಬೋರ್ಡು ಇತ್ತು. 'ತಜ್ಞರು' ಎಂಬ ಬಹುವಚನ ಲಾಲಪ್ಪನದಲ್ಲ, ಪೇಂಟರನದು. ಹಲಗೆಯ ತುದಿಯಲ್ಲಿ ಜಾಗ ಉಳಿದಿತ್ತು, ಒಂದು ಅಕ್ಷರ ಸೇರಿಸಿದ್ದ. ಲಾಲಪ್ಪ ಅದನ್ನು ಅಳಿಸು ಎಂದು ಹೇಳಲಿಲ್ಲ.

ಈ ವಿದ್ಯೆಯನ್ನು ಅವನು ಲಿಂಗಸುಗೂರಿನಲ್ಲಿ ಕಲಿತಿದ್ದ. ಅಲ್ಲಿನ ತರಬೇತಿ ಕೇಂದ್ರದಲ್ಲಿ ಇದ್ದದ್ದು ಒಂದೇ ಮಷೀನು, ವಿದ್ಯಾರ್ಥಿಗಳು ಒಂದು ಬಸ್ಸಿನಷ್ಟು. ಎತ್ತರದವರು ಹಿಂದೆ ನಿಲ್ಲಬೇಕು ಎಂಬ ನಿಯಮವಿತ್ತು, ಲಾಲಪ್ಪ ಎತ್ತರದ ಆಳು. ಹೀಗಾಗಿ ಕಂಪ್ಯೂಟರನ್ನು ಅವನು ಬೇರೆಯವರ ಕಿವಿಗಳ ಸಂದಿನಿಂದ ಕಲಿತ. ಪರೀಕ್ಷೆಯ ದಿನ ಕರೆಂಟು ಹೋದದ್ದರಿಂದ ಎಲ್ಲರೂ ಪಾಸಾದರು.

ಇಂಥ ತಜ್ಞನಿಗೆ ಓಣಿಯಲ್ಲಿ ಕೆಲಸಕ್ಕೆ ಕೊರತೆ ಇರಲಿಲ್ಲ. ಎದುರು ಮನೆಯ ಗ್ಯಾನಮ್ಮ ಕೆಟ್ಟುಹೋದ ಮಿಕ್ಸಿ ತಂದಿಟ್ಟಳು.

"ಯಕ್ಕಾ, ಇದು ನನ್ನ ಕೆಲಸ ಅಲ್ಲಬೇ. ನಾ ಕಂಪ್ಯೂಟರಿನಾಂವ."

"ಅಷ್ಟು ದೊಡ್ಡದು ಗೊತ್ತಿದ್ದಾಂವಗ ಇಷ್ಟು ಸಣ್ಣದು ಗೊತ್ತಾಗಂಗಿಲ್ಲೇನೋ? ಮತ್ತ ಬೋರ್ಡ್ ಯಾಕ ಬಡಕೊಂಡಿ?"

ಬೋರ್ಡಿನ ಮಾತು ಬಂದಾಗ ಲಾಲಪ್ಪ ವಾದ ಮಾಡುತ್ತಿರಲಿಲ್ಲ. ಮಿಕ್ಸಿ ಒಳಗೆ ಹೋಯಿತು. ಅದು ಮತ್ತೆ ಹೊರಗೆ ಬರಲೇ ಇಲ್ಲ ಎಂದು ಅವನ ಹೆಂಡತಿ ಗದ್ದೆಮ್ಮ ಹೇಳುತ್ತಾಳೆ.

ಲಾಲಪ್ಪ ಮತ್ತು ನಾನು ಕೆಲಸ ಮಾಡುತ್ತಿದ್ದದ್ದು ಕಾಲುವೆ ಕೆಳಭಾಗದ ಭತ್ತ ಬೀಜ ಬೆಳೆಗಾರರ ಸಂಘದಲ್ಲಿ. ನಾನು ಬಿ.ಎಸ್ಸಿ. ಓದಿದವನೆಂದು ನನಗೊಂದು ಭೂತಗನ್ನಡಿ, ಕೆಲವು ತಟ್ಟೆಗಳು ಮತ್ತು ಒಂದು ಮೂಲೆ ಕೊಟ್ಟಿದ್ದರು. ಬೀಜ ಮೊಳೆಯುತ್ತದೋ ಇಲ್ಲವೋ ನೋಡುವುದು ನನ್ನ ಕೆಲಸ. ಲಾಲಪ್ಪ ಹಂಗಾಮಿ ನೌಕರ. ಪ್ರತಿ ವರ್ಷದ ಕೊನೆಗೆ ಅವನನ್ನು ಕೆಲಸದಿಂದ ತೆಗೆದು, ಮರುದಿನ ಮತ್ತೆ ತೆಗೆದುಕೊಳ್ಳುತ್ತಿದ್ದರು. ನಡುವಿನ ಆ ರಾತ್ರಿ ಅವನು ನಿರುದ್ಯೋಗಿ. ಆ ರಾತ್ರಿ ಗದ್ದೆಮ್ಮ ಅಡಿಗೆಗೆ ಎಣ್ಣೆ ಕಡಿಮೆ ಹಾಕುತ್ತಿದ್ದಳು.

ಸಂಘಕ್ಕೆ ಕಂಪ್ಯೂಟರುಗಳು ಬಂದದ್ದು ತೊಂಬತ್ತೆಂಟರಲ್ಲಿ. ಆರು ಮಷೀನುಗಳು ಮೇಜಿನ ಮೇಲೆ, ಅವಕ್ಕೆಲ್ಲ ಹಿರಿಯನಂಥ ಒಂದು ದೊಡ್ಡ ಮಷೀನು ಮ್ಯಾನೇಜರ್ ಕನಕರಾಯರ ಕೋಣೆಯಲ್ಲಿ. ದೊಡ್ಡ ಮಷೀನಿಗೆ ಸೆಕೆ ಆಗಬಾರದೆಂದು ಆ ಕೋಣೆಗೆ ಏಸಿ ಹಾಕಿಸಿದರು. ಅಂದಿನಿಂದ ಕನಕರಾಯರು ಮಷೀನನ್ನು ಬಿಟ್ಟು ಕದಲುತ್ತಿರಲಿಲ್ಲ. ಅವರ ಕೋಣೆಯಿಂದ ಹೊರಟ ಒಂದೇ ಒಂದು ಕರಿ ತಂತಿ ಮೊದಲು ಲೆಕ್ಕಪತ್ರದ ಯೂನುಸನ ಮಷೀನಿಗೆ, ಅಲ್ಲಿಂದ ಪಕ್ಕದ್ದಕ್ಕೆ, ಹೀಗೆ ಮೇಜಿನಿಂದ ಮೇಜಿಗೆ ಹರಿದು, ಕೊನೆಗೆ ಕಿಟಕಿಯ ಹತ್ತಿರ ಬೀಜದ ಪಾವತಿ ಬರೆಯುವ ಆದೆಮ್ಮನ ಮಷೀನಿಗೆ ಮುಟ್ಟುತ್ತಿತ್ತು.

ಉದ್ಘಾಟನೆ ಶಾಸ್ತ್ರೋಕ್ತವಾಗಿ ನಡೆಯಿತು. ದೀಪ, ಪ್ರಾರ್ಥನೆ, ಸ್ವಾಗತ, ಮಾಲೆ, ಶಾಲು, ಕಾಯಿ. ಅಧ್ಯಕ್ಷ ಅಂಬಪ್ಪನವರು ಮಷೀನಿನ ಮುಂದೆ ಕುಳಿತರು. ಲಾಲಪ್ಪ ಅವರ ಹೆಸರು ಹೊಡೆದು, ಗುಪ್ತಪದ ಹೊಡೆದು, ಕೊನೆಯ ಗುಂಡಿಯನ್ನು ಅವರ ಬೆರಳಿಂದಲೇ ಒತ್ತಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಮಷೀನು ತೆರೆದುಕೊಂಡಿತು. ಚಪ್ಪಾಳೆ ಹೊಡೆಯಲು ಯಾರಿಗೂ ಸಮಯ ಸಿಗಲಿಲ್ಲ. ಫೋಟೋದವನು ಇನ್ನೂ ಕ್ಯಾಮೆರಾ ಎತ್ತುತ್ತಿದ್ದ.

"ಮುಗೀತೇನು?" ಎಂದರು ಅಧ್ಯಕ್ಷರು.

"ಮುಗೀತ್ರಿ. ಒಳಗ ಬಂದೀರಿ."

"ಇಷ್ಟ ಏನು?"

"ಇಷ್ಟರಿ. ಕಂಪ್ಯೂಟರ್ ಅಂದ್ರ ಹಿಂಗ, ಲಗೂನ ಒಳಗ ಬಿಡತೈತ್ರಿ."

ಅಧ್ಯಕ್ಷರ ಮುಖ ಸಣ್ಣದಾಯಿತು. "ಬಂದವ್ರನ್ನ ಹಂಗ ಸುಮ್ನ ಒಳಗ ಬಿಟ್ಟುಬಿಡಾಕ ಇದೇನು ಬಸ್‌ಸ್ಟ್ಯಾಂಡ್ ಏನ್ಲೇ? ಮದುವಿ ಮನ್ಯಾಗ ಬಾಗಲ್ದಾಗ ಹಿರೇರು ನಿಂತು, ಅತ್ತರ ಹಚ್ಚಿ, ನಮಸ್ಕಾರ ಮಾಡಿ ಒಳಗ ಕರೀತಾರ. ಇದರ ಬಾಗಲ್ದಾಗ ಯಾರು ನಿಂತಾರ?"

ಇಲ್ಲಿ ಸುಮ್ಮನಿದ್ದಿದ್ದರೆ ಲಾಲಪ್ಪನ ಬದುಕು ಬೇರೆಯಾಗುತ್ತಿತ್ತು. ಆದರೆ ತಜ್ಞರು ಸುಮ್ಮನಿರುವುದಿಲ್ಲ.

"ಬೇಕಂದ್ರ ನಿಮ್ಮನ್ನ ನಿಂದ್ರಸಬಹುದ್ರಿ," ಎಂದ ಲಾಲಪ್ಪ.

ರಾಯಚೂರಿನ ಸ್ಟುಡಿಯೋದಲ್ಲಿ ಅಧ್ಯಕ್ಷರ ಫೋಟೋ ಕಂಪ್ಯೂಟರಿಗೆ ಇಳಿಯಿತು. ಸ್ಟುಡಿಯೋದವನು, ಸಣ್ಣದು ಮಾಡಲೇ ಎಂದು ಕೇಳಿದನಂತೆ. ಅಧ್ಯಕ್ಷರನ್ನು ಸಣ್ಣದು ಮಾಡುವ ಅಧಿಕಾರ ತನಗಿಲ್ಲ ಎಂದ ಲಾಲಪ್ಪ. ಅವರು ಒಂದು ಫ್ಲಾಪಿಯಲ್ಲಿ ಹಿಡಿಯಲಿಲ್ಲ. ತುಂಡು ತುಂಡಾಗಿ ಹಲವು ಫ್ಲಾಪಿಗಳಲ್ಲಿ ಬಂದು, ದೊಡ್ಡ ಮಷೀನಿನಲ್ಲಿ ಮತ್ತೆ ಒಂದಾದರು. ಸುತ್ತ ಚೆಂಡುಹೂವಿನ ಅಂಚು, ಕೆಳಗೆ ದಪ್ಪಕ್ಷರದಲ್ಲಿ 'ಸುಸ್ವಾಗತ'. ಮರುದಿನದಿಂದ ಯಾರೇ ಹೆಸರು ಹೊಡೆದು ಒಳಗೆ ಹೋಗಲಿ, ಮೊದಲು ಅಧ್ಯಕ್ಷರು ಪರದೆ ತುಂಬ ಕೈಮುಗಿದು ನಿಲ್ಲುತ್ತಿದ್ದರು.

ಉಪಾಧ್ಯಕ್ಷ ರಾಮಣ್ಣ ಅದನ್ನು ನೋಡಿದರು. ವಾರದೊಳಗೆ ಅವರೂ ಫ್ಲಾಪಿಗಳಲ್ಲಿ ಬಂದರು. ಆಮೇಲೆ ನಿರ್ದೇಶಕರು ಹನ್ನೊಂದು ಮಂದಿ, ಒಬ್ಬರ ಹಿಂದೆ ಒಬ್ಬರು. ಗೊರೇಬಾಳದ ನಿರ್ದೇಶಕರು ಆದೆಮ್ಮನ ಬೆನ್ನ ಹಿಂದೆ ನಿಂತು ತಮ್ಮ ಫೋಟೋ ನೋಡಿ, ತಕರಾರು ತೆಗೆದರು.

"ಮುದಗಲ್ಲಿನಾಂವ ಆರಾಮ ನಿಂದರ್ತಾನ. ನಾ ಬಂದದ್ದ ತಡ, ಹೋಗಿಬಿಡ್ತೀನಿ. ನಾ ಏನು ಓಡಿ ಹೋಗೋ ಪೈಕಿ ಕಾಣ್ತೀನೇನು?"

ಅವರ ಫೋಟೋ ನಿಲ್ಲುವ ಹೊತ್ತು ಹೆಚ್ಚಾಯಿತು. ಉಳಿದವರದನ್ನು ಅದಕ್ಕೆ ಸರಿಗಟ್ಟಬೇಕಾಯಿತು. ಅಧ್ಯಕ್ಷರದು ಎಲ್ಲರಿಗಿಂತ ಒಂದಿಷ್ಟು ಮೇಲಿರಬೇಕಾಯಿತು. ಈ ನಡುವೆ ಒಂದು ದಿನ ಅಧ್ಯಕ್ಷರು ಹಿಂದೆ ನಿಂತಿದ್ದಾಗ ಯೂನುಸ ಪರದೆಯ ಮೇಲಿನ ಅವರಿಗೆ ಸಲಾಂ ಮಾಡಿದ. ಅಧ್ಯಕ್ಷರು ಅವನ ಬೆನ್ನು ತಟ್ಟಿದರು. ಮರುದಿನದಿಂದ ಕಚೇರಿಯ ಎಲ್ಲರೂ ಎದ್ದು ಪರದೆಗೆ ಕೈಮುಗಿಯತೊಡಗಿದರು. ಹಾಗೆಂದು ಯಾವ ಆದೇಶವೂ ಇರಲಿಲ್ಲ. ಆದೇಶವಿದ್ದಿದ್ದರೆ ಇಷ್ಟು ಚೆನ್ನಾಗಿ ಪಾಲನೆ ಆಗುತ್ತಿರಲಿಲ್ಲ.

ಫೋಟೋಗಳು ಇದ್ದದ್ದು ಮ್ಯಾನೇಜರರ ಕೋಣೆಯ ದೊಡ್ಡ ಮಷೀನಿನಲ್ಲಿ. ಬೆಳಿಗ್ಗೆ ಕಚೇರಿ ತೆರೆಯುತ್ತಲೇ ಆರೂ ಮಷೀನುಗಳು ಹದಿಮೂರೂ ಗಣ್ಯರನ್ನು ಆ ಒಂದೇ ತಂತಿಯ ಮೇಲೆ ಹೊತ್ತು ತರಬೇಕಿತ್ತು. ಇದನ್ನು ತಿಳಿಯಲು ವಿಜ್ಞಾನ ಬೇಕಿಲ್ಲ, ತಲೆಯ ಮೇಲೆ ಚೀಲ ಹೊತ್ತವರಿಗೆ ಗೊತ್ತಾಗುತ್ತದೆ. ನಾವು ಹೆಸರು ಹೊಡೆದು, ದಾದೇಸಾಬನ ಹೋಟೆಲಿಗೆ ಹೋಗಿ, ಚಹಾ ಕುಡಿದು, ಅವನ ಅಳಿಯನ ಸಮಾಚಾರ ಪೂರ್ತಿ ಕೇಳಿ ಬಂದರೂ ಪರದೆಯ ಮೇಲೆ ಇನ್ನೂ ಯಾರೋ ಕೈಮುಗಿದು ನಿಂತಿರುತ್ತಿದ್ದರು.

ಸಸಿ ಮಡಿಗೆ ಬೀಜ ಚೆಲ್ಲುವ ಕಾಲ. ಕಿಟಕಿಯ ಹೊರಗೆ ರೈತರ ಸಾಲು.

"ಯಕ್ಕಾ, ನಂದು ಆತೇನು?"

"ತಡಿಯಪ್ಪ, ಇನ್ನ ಗೊರೇಬಾಳದವರು ಬಂದಾರ," ಎಂದಳು ಆದೆಮ್ಮ ಪರದೆ ನೋಡುತ್ತ. "ಆಮ್ಯಾಲೆ ಮುದಗಲ್ಲಿನವರು ಬರಬೇಕು."

ರೈತ ಹಿಂದೆ ತಿರುಗಿ ಸಾಲು ನೋಡಿದ. "ಹೊತ್ತು ಹುಟ್ಟೂತಲೆ ನಾ ನಿಂತೀನಿ, ಗೊರೇಬಾಳದವರು ಯಾವ ಕಡಿಯಿಂದ ಒಳಗ ಹೋದ್ರು?" ಎಂದು ಜಗಳ ತೆಗೆದ. ಸಾಲಿನಲ್ಲಿ ನಿಜವಾಗಿಯೂ ಒಬ್ಬ ಗೊರೇಬಾಳದವನಿದ್ದ. ಅವನ ಅಂಗಿಯ ಗುಂಡಿ ಹೋಯಿತು.

ಅಷ್ಟರಲ್ಲಿ ರಾಯಚೂರಿನ ದೊಡ್ಡ ಸಾಹೇಬರು ಬರುವ ಸುದ್ದಿ ಬಂತು. ರೈತನಿಗೆ ಬೀಜದ ಪಾವತಿ ಲಗುಬಗೆಯಿಂದ ಸಿಗುತ್ತದೆಂದು ಅವರಿಗೆ ಮನವರಿಕೆಯಾದರೆ ಮಸ್ಕಿ ಶಾಖೆಗೂ ಕಂಪ್ಯೂಟರು ಮಂಜೂರಾಗುತ್ತಿತ್ತು. ಅಧ್ಯಕ್ಷರು ಎಲ್ಲರನ್ನೂ ಕೂಡಿಸಿದರು.

"ಲಾಲಪ್ಪ, ಸಾಹೇಬರ ಮುಂದ ಮಷೀನು ಲಗೂನ ತೆರದ್ರ ನೀ ಖಾಯಂ. ತೆರೀಲಿಲ್ಲಂದ್ರ ಈ ವರ್ಷದ ಕೊನಿಗೆ ತೆಗದ ಮ್ಯಾಲೆ ಮತ್ತ ತಗೊಳ್ಳಂಗಿಲ್ಲ. ನಾ ಆಡಿದ ಮಾತು ತಿರುಗಸೋ ಮನಷ್ಯಾ ಅಲ್ಲ, ಗೊತ್ತಿರ್ಲಿ."

ನಾನು ಬಾಯಿ ತೆರೆದೆ. "ಆ ಫೋಟೋಗಳು ಸ್ವಲ್ಪ..."

ಕನಕರಾಯರು ನನ್ನ ಕಡೆ ತಿರುಗಿ, "ನೀವು ಬೀಜ ಮೊಳಕಿ ಒಡೀತಾವೋ ಇಲ್ಲೋ, ಅಷ್ಟ ನೋಡ್ರಿ," ಎಂದರು. ನಾನು ಹೋಗಿ ಬೀಜ ನೋಡಿದೆ. ಯಾರ ಫೋಟೋ ಇಲ್ಲದೆಯೂ ಅವು ಮೊಳಕೆ ಒಡೆದಿದ್ದವು.

ಲಾಲಪ್ಪ ತನಿಖೆ ಶುರು ಮಾಡಿದ. ಮೊದಲು ಚಪ್ಪಲಿ ಹೊರಗೆ ಬಿಡಿಸಿದ. ಆಮೇಲೆ ಆದೆಮ್ಮನ ಮಷೀನಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ತಂತಿ ನೋಡಿದ. ಅವನಿಗೇನೂ ಹೊಳೆಯಲಿಲ್ಲ. ಹೊಳೆದದ್ದು ಆದೆಮ್ಮನಿಗೆ.

"ಅದನ್ನೇನ್ ನೋಡ್ತಿಯಪ್ಪ? ನಂದು ಟೇಲೆಂಡ್. ಮ್ಯಾಲಿನವರು ಮೊದಲ ಎಳಕೊಂಡ್ರ ಕೆಳಗಿನವರಿಗೆ ಏನ್ ಬರ್ತೈತಿ? ನಮ್ಮ ಹೊಲದ್ದೂ ಇದ ಹಣೇಬರಹ."

ಇಡೀ ಕಚೇರಿ ತಲೆಯೆತ್ತಿತು. ಅಲ್ಲಿದ್ದವರೆಲ್ಲ ಕಾಲುವೆಯ ನೀರಿನ ಮೇಲೆ ಜಗಳಾಡಿ ಬೆಳೆದವರು. ಮ್ಯಾನೇಜರರ ಕೋಣೆಯಿಂದ ಹೊರಟು, ಮೇಜಿನಿಂದ ಮೇಜಿಗೆ ಇಳಿದು ಕಿಟಕಿಗೆ ಬರುವ ತಂತಿಯನ್ನು ಅವರು ಅಂದೇ ಮೊದಲ ಸಲ ಸರಿಯಾಗಿ ನೋಡಿದರು. ಅದು ಉಪಕಾಲುವೆಯಾಗಿತ್ತು. ಎಲ್ಲರ ಕಣ್ಣು ಮೊದಲ ಮೇಜಿನ ಯೂನುಸನ ಮೇಲೆ ಹೋಯಿತು.

"ನಾ ಏನ್ ಎಳಕೊಂಡೀನ್ರಿ? ಖಸಮ್ ಸೇ, ನಂದೂ ತೆರೀವಲ್ದು," ಎಂದ ಯೂನುಸ.

"ಮ್ಯಾಲಿನ ಹೊಲದವರೆಲ್ಲ ಹಿಂಗ ಅಂತಾರ," ಎಂದಳು ಆದೆಮ್ಮ.

ಕನಕರಾಯರು ಪಾಳಿ ಹಚ್ಚಿದರು. ಮೊದಲು ಕೆಳಗಿನವರು, ಕೊನೆಗೆ ಮೇಲಿನವರು. ಯೂನುಸನ ಪಾಳಿ ಬರುವಾಗ ಅವನು ಊಟದ ಡಬ್ಬಿ ಬಿಚ್ಚುತ್ತಿದ್ದ. ಅದಕ್ಕೂ ಜಗ್ಗದಿದ್ದಾಗ, ಇಂಥದ್ದರಲ್ಲಿ ಅನುಭವ ಇದ್ದವರೇ ಬರಲಿ ಎಂದು, ಅಧ್ಯಕ್ಷರ ಹೊಲದ ಕಡೆ ನೀರು ಬಿಡುವ ನೀರಗಂಟಿ ಗದ್ದೆಪ್ಪನನ್ನು ಕರೆಸಿದರು.

ಗದ್ದೆಪ್ಪ ಕೋಲು ಹಿಡಿದು ಬಂದ. ಮೇಲಿನಿಂದ ಕೆಳಗಿನವರೆಗೆ ತಂತಿಯ ಗುಂಟ ನಡೆದ. ಮೇಜಿನ ಕೆಳಗೆ ಬಗ್ಗಿ ಪ್ರತಿಯೊಂದು ಕವಲನ್ನೂ ಮುಟ್ಟಿ ನೋಡಿದ. ಲಾಲಪ್ಪ ಅವನ ಹಿಂದೆ ಹಿಂದೆ, ಅರ್ಥವಾದವರ ಹಾಗೆ ಹೂಂಗುಟ್ಟುತ್ತ ನಡೆದ. ಆದೆಮ್ಮನ ಮಷೀನಿನ ಹಿಂದೆ ತಂತಿ ಮುಗಿಯುವಲ್ಲಿ ಒಂದು ಸಣ್ಣ ಲೋಹದ ಟೊಪ್ಪಿಗೆ ಇತ್ತು. ಗದ್ದೆಪ್ಪ ಅದನ್ನು ಕೋಲಿನಿಂದ ತಟ್ಟಿದ.

"ಇಲ್ಲಿ ನೋಡ್ರಿ, ತುದಿಗೆ ಬಿರಡಿ ಜಡದಾರ. ಮುಂದ ಹೋಗಾಕ ದಾರಿ ಇಲ್ದ ಮ್ಯಾಲೆ ಹಿಂದಿಂದು ಹರಿಯೋದು ಹೆಂಗ? ಯಾವನ ಬುದ್ಧೀಲೇ ಇದು?"

ಎಷ್ಟು ಸರಿಯಾದ ಮಾತು ಎಂದು ಎಲ್ಲರಿಗೂ ಅನ್ನಿಸಿತು. ಲಾಲಪ್ಪ ಕೂಡಲೇ, "ನಾನೂ ಅದನ್ನ ಹೇಳಬೇಕಂತ ಮಾಡಿದ್ದೆ," ಎಂದು ಬಗ್ಗಿ ಟೊಪ್ಪಿಗೆ ತಿರುವಿ ತೆಗೆದ.

ಆರೂ ಮಷೀನುಗಳು ಒಟ್ಟಿಗೆ ನಿಂತವು. ಆ ತಂತಿಯ ತುದಿ ಮುಚ್ಚಿರಲೇಬೇಕು, ತೆರೆದರೆ ಇಡೀ ಸಾಲು ಸಾಯುತ್ತದೆ. ಕಾಲುವೆಗೂ ತಂತಿಗೂ ಇರುವ ವ್ಯತ್ಯಾಸ ಇಷ್ಟೇ. ಯೂನುಸನ ಪರದೆಯ ಮೇಲೆ ಉಪಾಧ್ಯಕ್ಷ ರಾಮಣ್ಣ ಅರ್ಧ ಮಾತ್ರ ಇಳಿದು, ಮೂಗಿನ ತನಕ ಬಂದು ಉಳಿದರು.

ಮರುದಿನ ಮಧ್ಯಾಹ್ನದವರೆಗೆ ಬೀಜದ ವ್ಯವಹಾರ ಬಂದ್. ಕೊನೆಗೆ ಬೇರೇನೂ ತೋಚದೆ ಲಾಲಪ್ಪ ಟೊಪ್ಪಿಗೆಯನ್ನು ಇದ್ದಲ್ಲೇ ಹಾಕಿದ. ಮಷೀನುಗಳಿಗೆ ಜೀವ ಬಂತು. ಲಾಗಿನ್ ಮೊದಲಿನಷ್ಟೇ ನಿಧಾನ, ಆದರೆ ಸತ್ತದ್ದಕ್ಕೆ ಹೋಲಿಸಿದರೆ ಬಹಳ ಚುರುಕು ಕಂಡಿತು. "ಹೋದ ಜೀವ ತಂದ ನೋಡ್ರಿ ಲಾಲಪ್ಪ," ಎಂದು ಕನಕರಾಯರು ಹೊಗಳಿದರು. ಆ ವಾರ ಓಣಿಯಲ್ಲಿ ಗ್ಯಾನಮ್ಮ ಕೆಟ್ಟ ಇಸ್ತ್ರಿಪೆಟ್ಟಿಗೆಯನ್ನೂ ತಂದಿಟ್ಟಳು.

ಹೊಗಳಿಕೆ ಬಹಳ ದಿನ ಬಾಳಲಿಲ್ಲ. ಹೈದರಾಬಾದಿನಿಂದ ಇಂಜಿನಿಯರನನ್ನು ಕರೆಸಿದರು. ಅವನು ಹೆಸರು ಹೊಡೆದು ಕುಳಿತ. ಮೊದಲು ಬಂದ ಫೋಟೋ ನೋಡಿ ನಕ್ಕ. ಇದು ಯಾರ ಹುಚ್ಚು ಎಂದು ಕೇಳಲು ತಿರುಗಿದ. ಪರದೆಯ ಮೇಲಿದ್ದ ಮುಖವೇ ಹಿಂದೆ ನಿಂತಿತ್ತು. ಇಂಜಿನಿಯರನಿಗೂ ಹೆಂಡತಿ ಮಕ್ಕಳಿದ್ದರು. ನೆಲದಲ್ಲಿ ತೇವ ಕಡಿಮೆ, ಅರ್ತಿಂಗಿನ ಗುಂಡಿಗೆ ಉಪ್ಪು ನೀರು ಹಾಕಿ ಎಂದು ಹೇಳಿ, ಊಟ ಮಾಡಿ, ಶಾಲು ಹೊದ್ದುಕೊಂಡು ಹೊರಟ. ಬಸ್ಸು ಹತ್ತುವಾಗ ಮಾತ್ರ ಲಾಲಪ್ಪನ ಕಿವಿಯಲ್ಲಿ ಹೇಳಿದ: "ಲಾಲಪ್ಪಗಾರೂ, ಆ ಫೋಟೋಲು ತೆಗೀರಿ. ಮಷೀನ್ ಓಡ್ತದೆ."

"ತೆಗದ್ರ ನಾನೂ ಓಡಬೇಕಾಗ್ತೈತ್ರಿ," ಎಂದ ಲಾಲಪ್ಪ.

ಅಂದು ಮನೆಯಲ್ಲಿ ಅವನು ಊಟ ಮಾಡಲಿಲ್ಲ.

"ಯಾಕ, ಇವತ್ತ ತಜ್ಞರಿಗೆ ಹಸಿವಿಲ್ಲೇನು?" ಎಂದಳು ಗದ್ದೆಮ್ಮ. "ಲಿಂಗಸುಗೂರಿಂದ ನಮ್ಮಪ್ಪ ಹೇಳಿ ಕಳಿಸ್ಯಾನ, ಅಳಿಯ ಖಾಯಂ ಆಗೂ ಮಟ ನಾ ಆ ಮನಿ ಚಹಾ ಕುಡಿಯಂಗಿಲ್ಲ ಅಂತ."

"ನಿಮ್ಮಪ್ಪ ಚಹಾ ಕುಡೀಲಿಲ್ಲಂದ್ರ ನಂಗೇನು ನಷ್ಟ?"

"ಬರೀ ಚಹಾ ಬಿಟ್ರ ಚಿಂತಿ ಇರಲಿಲ್ಲ. ಸಿಕ್ಕವರಿಗೆಲ್ಲ ಯಾಕ ಬಿಟ್ಟೀನಿ ಅಂತ ಹೇಳಾಕತ್ತಾನ."

ಲಾಲಪ್ಪನಿಗೆ ದಾರಿ ಕಂಡದ್ದು ಆ ಭಾನುವಾರ, ಅಧ್ಯಕ್ಷರ ಹುಟ್ಟುಹಬ್ಬದ ಸನ್ಮಾನದಲ್ಲಿ. ಭಾಷಣಗಳು ಮುಗಿದು, ಒಬ್ಬ ಮಾಸ್ತರು ವಂದನಾರ್ಪಣೆಗೆ ಮೈಕಿನ ಮುಂದೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ಸಭೆ ಎದ್ದಿತು. ವೇದಿಕೆಯೂ ಎದ್ದಿತು. ಮಾಸ್ತರು ಒಬ್ಬೊಬ್ಬರ ಹೆಸರು ಹೇಳಿ ಖಾಲಿ ಕುರ್ಚಿಗಳಿಗೆ ವಂದಿಸುತ್ತಿದ್ದರು. ವಂದಿಸಿಕೊಂಡವರು ಊಟದ ಸಾಲಿನಲ್ಲಿದ್ದರು. ಯಾರಿಗೂ ಅವಮಾನವಾಗಿರಲಿಲ್ಲ.

ನನ್ನ ಪಕ್ಕ ಕುಳಿತಿದ್ದ ಲಾಲಪ್ಪ ನನ್ನ ತೋಳು ಹಿಡಿದ. "ಸರ್, ಎಲ್ಲಾ ಮರ್ಯಾದಿ ಕೊನಿಗೆ ಇಟ್ರ ಯಾರಿಗೂ ತ್ರಾಸ ಇಲ್ಲಲ್ರಿ?"

ಮಷೀನು ತೆರೆಯುವಾಗ ಬರುತ್ತಿದ್ದ ಹದಿಮೂರೂ ಫೋಟೋಗಳನ್ನು ಅವನು ಮಷೀನು ಮುಚ್ಚುವಾಗ ಬರುವ ಹಾಗೆ ಮಾಡಿದ. ಒಂದೂ ಫೋಟೋ ತೆಗೆದಿರಲಿಲ್ಲ, ಒಂದನ್ನೂ ಸಣ್ಣದು ಮಾಡಿರಲಿಲ್ಲ. ಅನುಕ್ರಮವನ್ನೂ ಸಭೆಯ ಪದ್ಧತಿಯಂತೆ ಬದಲಿಸಿದ. ಮೊದಲು ನಿರ್ದೇಶಕರು, ಆಮೇಲೆ ಉಪಾಧ್ಯಕ್ಷರು, ಎಲ್ಲರ ಕೊನೆಗೆ ಅಧ್ಯಕ್ಷರು. ಅಧ್ಯಕ್ಷರು ಆ ವಾರ ತಿರುಪತಿಗೆ ಹೋಗಿದ್ದರು. ಬೆಳಿಗ್ಗೆ ಮಷೀನುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದವು. ಸಂಜೆ ಎಲ್ಲರೂ ವಂದನಾರ್ಪಣೆಗೆ ಸಲ್ಲಬೇಕಾದ ಗೌರವವನ್ನೇ ಸಲ್ಲಿಸಿದರು. ಮಸ್ಕಿ ಬಸ್ಸಿನ ಹೊತ್ತಾಗುತ್ತಲೇ ಯೂನುಸ ಮೇನ್ ಸ್ವಿಚ್ಚು ಆರಿಸುತ್ತಿದ್ದ, ಉಳಿದವರು ಚಪ್ಪಲಿ ಹುಡುಕುತ್ತಿದ್ದರು.

ದೊಡ್ಡ ಸಾಹೇಬರು ಬಂದು ಆದೆಮ್ಮನ ಮಷೀನಿನ ಪಕ್ಕ ಕುರ್ಚಿಯಲ್ಲಿ ಕುಳಿತರು. ಅಧ್ಯಕ್ಷರು ನುಣ್ಣಗೆ ಬೋಳಿಸಿದ ತಲೆಯ ಮೇಲೆ ರುಮಾಲು ಸುತ್ತಿಕೊಂಡು ಅವರ ಬಲಕ್ಕೆ ನಿಂತರು. ಕಿಟಕಿಯಲ್ಲಿ, ಗುಂಡಿ ಹೋದ ಅಂಗಿಯ ಗೊರೇಬಾಳದ ರೈತ. ಆದೆಮ್ಮ ಹೆಸರು ಹೊಡೆದಳು. ಮಷೀನು ತೆರೆಯಿತು. ಪ್ರಿಂಟರು ಕಿರ್ರೆಂದು ಪಾವತಿ ಉಗುಳಿತು.

"ವೆರಿ ಗುಡ್," ಎಂದರು ಸಾಹೇಬರು. "ನಮ್ಮ ಆಫೀಸಿನಲ್ಲೂ ಇಷ್ಟು ಬೇಗ ತೆರೆಯೋದಿಲ್ಲ."

ಅಧ್ಯಕ್ಷರು ಮಾತ್ರ ಪರದೆಯನ್ನೇ ನೋಡುತ್ತಿದ್ದರು. ಲಾಲಪ್ಪನ ಕಡೆ ವಾಲಿ, ಹಲ್ಲು ಕಚ್ಚಿ ಕೇಳಿದರು: "ನಾ ಎಲ್ಲಿ ಹೋದೆನಲೇ?"

"ಕೊನಿಗೆ ಬರ್ತೀರ್ರಿ."

"ಕೊನಿಗೆ?"

"ಅಧ್ಯಕ್ಷರು ಯಾವಾಗ್ಲೂ ಕೊನಿಗೇ ಅಲ್ರಿ?"

ಅಧ್ಯಕ್ಷರು ರುಮಾಲು ಸರಿಮಾಡಿಕೊಂಡರು. "ಸಾಹೇಬರಿಗೆ ತೋರ್ಸು, ಬಂದ್ ಮಾಡು," ಎಂದರು.

ಆದೆಮ್ಮ ಮಷೀನು ಮುಚ್ಚಲು ಗುಂಡಿ ಒತ್ತಿದಳು. ಬಹಳ ಹೊತ್ತಿನ ಮೇಲೆ ಮುದಗಲ್ಲಿನ ನಿರ್ದೇಶಕರು ಮೇಲಿನಿಂದ ಮೆಲ್ಲಗೆ ಇಳಿದು ಬಂದರು. ಮೊದಲು ಕೂದಲು, ಆಮೇಲೆ ಹಣೆ.

"ಇವರು ಯಾರು?" ಎಂದರು ಸಾಹೇಬರು.

"ನಮ್ಮ ನಿರ್ದೇಶಕರ್ರಿ."

"ಹಾಂ." ಇನ್ನೊಬ್ಬರ ಕೂದಲು ಇಳಿಯತೊಡಗಿತು. "ಇವರು?"

"ಅವರೂ ನಿರ್ದೇಶಕರ್ರಿ."

ಸಾಹೇಬರು ಊರೂರಿನ ವೇದಿಕೆಗಳಲ್ಲಿ ಕುಳಿತು ಮುದುಕರಾದವರು. ಕಾರ್ಯಕ್ರಮ ಯಾವ ಹಂತಕ್ಕೆ ಬಂದಿದೆ ಎಂದು ಅವರ ಕಾಲುಗಳಿಗೇ ತಿಳಿಯುತ್ತಿತ್ತು. ಅವು ಎದ್ದವು.

"ಒಂದು ನಿಮಿಷ ಸಾಹೇಬ್ರ, ಇನ್ನ ಸ್ವಲ್ಪ ಮಂದಿ ಅದಾರ," ಎಂದು ಅಧ್ಯಕ್ಷರು ಶಾಲು ಹೊದಿಸಿದರು. ಗೊರೇಬಾಳದವರು ಇಳಿಯುತ್ತಿದ್ದರು. ಹಾರ ಹಾಕಿದರು. ಗೊರೇಬಾಳದವರು ನಿಂತೇ ಇದ್ದರು, ಅವರ ಇಚ್ಛೆಯಂತೆ. ಕಾಯಿ ಕೊಟ್ಟರು, ಚಹಾ ಕೊಟ್ಟರು. ಉಪಾಧ್ಯಕ್ಷರ ಮೂಗು ಬರುವ ಹೊತ್ತಿಗೆ ಸಾಹೇಬರು, "ಲಿಂಗಸುಗೂರಿಗೆ ಹೋಗಬೇಕ್ರಿ," ಎಂದು ಬಾಗಿಲು ದಾಟಿದರು. ಕನಕರಾಯರು ಹಿಂದೆ ಓಡಿದರು. ಅವರ ಹಿಂದೆ ಇಡೀ ಕಚೇರಿ ಬೀಳ್ಕೊಡಲು ಹೋಯಿತು. ಕೋಣೆಯಲ್ಲಿ ಉಳಿದವರು ಅಧ್ಯಕ್ಷರು, ಲಾಲಪ್ಪ ಮತ್ತು ಮೂಲೆಯಲ್ಲಿ ನನ್ನ ಬೀಜಗಳೊಂದಿಗೆ ನಾನು.

"ತಡೀರಿ ಸಾಹೇಬ್ರ, ಬಂದೆ, ಬಂದೆ," ಎಂದು ಅಧ್ಯಕ್ಷರು ಕೂಗಿದರು. ಪರದೆಯ ಮೇಲೂ ಅವರು ಬರುತ್ತಿದ್ದರು. ರುಮಾಲು ಇಳಿಯಿತು, ಹಣೆ ಇಳಿಯಿತು, ಮೀಸೆ ಇಳಿಯಿತು. ಹೊರಗೆ ಜೀಪು ಶುರುವಾಯಿತು. ಚೆಂಡುಹೂವಿನ ಅಂಚಿನ ನಡುವೆ ಅಂಬಪ್ಪನವರು ಪೂರ್ತಿ ಪ್ರಕಟವಾಗಿ, ಎರಡೂ ಕೈ ಜೋಡಿಸಿ, ಸುಸ್ವಾಗತ ಎಂದು ನಿಂತಾಗ ಜೀಪು ಗೇಟು ದಾಟಿತು.

ಅಷ್ಟು ದೊಡ್ಡ ಮನುಷ್ಯ ಎದುರಿಗೆ ಕೈಮುಗಿದು ನಿಂತರೆ ಯಾರ ಕೈಯಾದರೂ ತಾನಾಗಿಯೇ ಏಳುತ್ತದೆ. ಅಧ್ಯಕ್ಷರ ಕೈಗಳೂ ಎದ್ದವು. ಅವರು ತಮಗೆ ತಾವೇ ನಮಸ್ಕಾರ ಮಾಡಿ ನಿಂತಿದ್ದಾಗ ಮಷೀನು ಆರಿತು.

ನಾನು ಭೂತಗನ್ನಡಿಯಲ್ಲಿ ಕಣ್ಣಿಟ್ಟೆ. ಬಹಳ ಆಸಕ್ತಿಯಿಂದ ಇಟ್ಟೆ.

ಅಂಬಪ್ಪನವರು ಆಡಿದ ಮಾತು ತಿರುಗಿಸುವವರಲ್ಲ. ಹದಿನೈದು ದಿನದೊಳಗೆ ಲಾಲಪ್ಪನಿಗೆ ಖಾಯಂ ಆದೇಶ ಬಂತು. ಜೊತೆಗೆ ಲಿಂಗಸುಗೂರಿನ ಗೋದಾಮಿಗೆ ವರ್ಗ. ಅಲ್ಲಿ ಕಂಪ್ಯೂಟರ್ ಇರಲಿಲ್ಲ, ಕರೆಂಟೂ ಇನ್ನೂ ಬಂದಿರಲಿಲ್ಲ. ಸಿಂಧನೂರಿನಲ್ಲಿ ಫೋಟೋಗಳು ಮತ್ತೆ ಮುಂಬಾಗಿಲಿಗೆ ಬಂದವು. ಮಸ್ಕಿ ಶಾಖೆಗೆ ಕಂಪ್ಯೂಟರು ಮಂಜೂರಾದ ಕೃತಜ್ಞತೆಗೆ ಸಾಹೇಬರದನ್ನೂ ಸೇರಿಸಿದರು. ಆದೆಮ್ಮ ಮಷೀನನ್ನು ಚಾಲೂ ಇಟ್ಟು, ಪಕ್ಕದಲ್ಲಿ ಕಾರ್ಬನ್ ಹಾಳೆ ಹಾಕಿ ಕೈಯಲ್ಲೇ ಪಾವತಿ ಬರೆಯುತ್ತಾಳೆ. ಸಾಲು ಬೇಗ ಸಾಗುತ್ತದೆ.

ಮುಂದಿನ ಹಂಗಾಮಿನಲ್ಲಿ ಬೀಜದ ಮಾದರಿ ತರಲು ನಾನು ಲಿಂಗಸುಗೂರಿಗೆ ಹೋದೆ. ಗೋದಾಮಿನ ನೆತ್ತಿಯ ಮೇಲೆ ಅದೇ ಬೋರ್ಡು. 'ಕಂಪ್ಯೂಟರ್ ತಜ್ಞರು' ಎಂಬುದರ ಮುಂದೆ ಹೊಸ ಬಣ್ಣದಲ್ಲಿ 'ಖಾಯಂ' ಎಂದು ಸೇರಿತ್ತು. ಹೊರಗೆ ಕಟ್ಟೆಯ ಮೇಲೆ ಅವನ ಮಾವ ಕುಳಿತು ಚಹಾ ಕುಡಿಯುತ್ತಿದ್ದ. ಮುಚ್ಚಿದ ಬಾಗಿಲಿನ ತುಂಬ, ಗಾಜು ಮತ್ತು ಸ್ಟೀಲಿನ ಕಟ್ಟು ಹಾಕಿಸಿದ ಹದಿನಾಲ್ಕು ಫೋಟೋಗಳನ್ನು ಮೊಳೆ ಹೊಡೆದು ಕೂಡಿಸಿದ್ದರು. ನಾನು ಬಾಗಿಲು ನೂಕಿದೆ. ಜಗ್ಗಲಿಲ್ಲ.

"ಲಾಲಪ್ಪ," ಎಂದು ಕರೆದೆ.

"ಬಂದೀರೇನ್ರಿ ಸರ್?" ಒಳಗಿನಿಂದ ಅವನ ದನಿ ಬಂತು. "ಬಾಗಲದ ಒಳಗ ಮಗ್ಗಲಕ್ಕೂ ಹದಿನಾಕು ಅದಾವ್ರಿ. ಈ ಸಲ ಬರೋರಿಗೂ ಇರ್ಲಿ, ಹೋಗೋರಿಗೂ ಇರ್ಲಿ ಅಂತ ಎರಡೂ ಕಡೆ ಹಾಕೀನಿ. ಭಾರಕ್ಕ ಕೀಲು ಜಗ್ಗ್ಯಾವ. ನಮ್ಮ ಮಾವನ್ನ ಜೋಡಿ ಹಚ್ಚಿ ನೂಕ್ರಿ, ನಾ ಒಳಗಿಂದ ಎತ್ತತೀನಿ."

ಮಾವ ಚಹಾದ ಬಟ್ಟಲನ್ನು ಕೆಳಗಿಡಲಿಲ್ಲ.

"ಅವಸರ ಯಾಕ ಮಾಡ್ತೀರಿ," ಎಂದ. "ಕೂಡ್ರಿ. ತೆರಿಯಾಕತ್ತೈತಿ."